ಸಾವಿರ ಪರ್ದಾವ್‌ಗೆ ಐದು ಕುದುರೆ

ಒಂದು ಕಾರಿಗೆ 105 ಕುದುರೆ, ಇನ್ನೊಂದಕ್ಕೆ 106. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಹೊಸಪೇಟೆಯಲ್ಲೇ ಮಾರಾಟಕ್ಕಿದ್ದವು. ಯಾವುದನ್ನು ತಗೊಳ್ಳೋದು ಅಂತ ಮೂರು ವಾರ ನಿದ್ದೆಗೆಟ್ಟಿದ್ದೆ.

ಮೊದಲನೆಯದು ಪೋಲೊ ಜಿಟಿ ಟಿಎಸ್‌ಐ. 2013ರಲ್ಲಿ ಭಾರತಕ್ಕೆ ಬಂದ ಮಾಡೆಲ್, 1.2 ಲೀಟರಿನ ಪುಟ್ಟ ಎಂಜಿನ್, ಅದಕ್ಕೊಂದು ಟರ್ಬೊ. ಎರಡನೆಯದು ಅದಕ್ಕಿಂತ ಒಂದು ದಶಕ ಹಳೆಯ ಹೋಂಡಾ ಸಿಟಿ ವಿಟೆಕ್. 1.5 ಲೀಟರ್, ಟರ್ಬೊ ಇಲ್ಲ, ತನ್ನ ಉಸಿರು ತಾನೇ ಎಳೆದುಕೊಳ್ಳುವ ಎಂಜಿನ್. ಪೋರ್ಷೆ ಕೊಳ್ಳಲಾಗದ ನಮ್ಮಂಥ ಇಎಂಐ ಜನಕ್ಕೆ ಸ್ಪೋರ್ಟ್ಸ್ ಕಾರು ಅಂದರೆ ಇಂಥವೇ.

ಪೋಲೊ ಓಡಿಸಿ ನೋಡೋಕೆ ಅಂತ ಹಂಪಿಗೆ ಹೋದೆ. ಬಿಸಿಲು ಏರುವ ಮೊದಲೇ ಮಹಾನವಮಿ ದಿಬ್ಬದ ಹತ್ತಿರ ನಿಲ್ಲಿಸಿ ಇಳಿದೆ. ಜನ ಸಾಮಾನ್ಯವಾಗಿ ಮೆಟ್ಟಿಲು ಹತ್ತಿ ಮೇಲೆ ಫೋಟೊ ತೆಗೆಸಿಕೊಂಡು ಇಳೀತಾರೆ. ಪಕ್ಕದ ಗೋಡೆಯನ್ನು ನೋಡಿ. ಸಾಲು ಸಾಲು ಕುದುರೆಗಳು, ಅವನ್ನು ಹಿಡಿದು ತರುತ್ತಿರುವ ಗಡ್ಡದ, ಟೋಪಿಯ ಪರದೇಶಿಗಳು. ಈ ಊರಿನ ದೊಡ್ಡ ಖರ್ಚು ಯಾವುದಾಗಿತ್ತು ಅಂತ ಕಲ್ಲಿನ ಮೇಲೇ ಕೆತ್ತಿಟ್ಟಿದ್ದಾರೆ.

ಕುದುರೆ ಇಲ್ಲಿನ ಪ್ರಾಣಿ ಅಲ್ಲ. ಇಲ್ಲಿ ಹುಟ್ಟಿ ಬೆಳೆದ ನಾಡಕುದುರೆಗಳಿದ್ದವು ನಿಜ. ಆದರೆ ಯುದ್ಧಕ್ಕೆ ಬೇಕಾಗಿದ್ದ ಎತ್ತರ, ಓಟ, ದಮ್ಮು ಅರಬ್ ಮತ್ತು ಪರ್ಷಿಯಾದ ತಳಿಗಳಲ್ಲಿತ್ತು. ಅವು ಹೊರ್ಮುಜ್‌ನಿಂದ ಹಡಗು ಹತ್ತಿ ಭಟ್ಕಳ, ಗೋವಾದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಇಲ್ಲಿಗೆ ಬರಬೇಕು. ಆ ಕಾಲದ ರೂಢಿಯ ಬಿರುದುಗಳಲ್ಲಿ ಒಡಿಶಾದ ದೊರೆ ಗಜಪತಿ, ಸುಲ್ತಾನರು ಅಶ್ವಪತಿಗಳು, ನಮ್ಮವರು ನರಪತಿಗಳು. ನಮ್ಮ ಹತ್ತಿರ ಜನ ಇದ್ದಾರೆ, ಕುದುರೆ ಅವರ ಹತ್ತಿರ ಇದೆ ಅನ್ನೋದನ್ನು ಬಿರುದೇ ಒಪ್ಪಿಕೊಂಡ ಹಾಗಿದೆ. ಕಾರಣವೂ ಇತ್ತು. ವಿಜಯನಗರಕ್ಕಿಂತ ಮೊದಲು ಇದೇ ಹೊಳೆಯ ದಂಡೆಯಲ್ಲಿದ್ದ ಕಂಪಿಲಿ ರಾಜ್ಯ, ಅಂದರೆ ಇವತ್ತಿನ ಕಂಪ್ಲಿ, ಸುಮಾರು 1327ರಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಬಿದ್ದುಹೋಗಿತ್ತು. ಕುದುರೆ ದಂಡು ಏನು ಮಾಡಬಲ್ಲದು ಅಂತ ಈ ಸೀಮೆಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಹಾಗಾಗಿ ಕೊಂಡರು, ಕೇಳಿದಷ್ಟು ಕೊಟ್ಟು ಕೊಂಡರು. ಇದರ ಲೆಕ್ಕ ನಮಗೆ ಸಿಗೋದು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನಿಂದ. 1535ರ ಹೊತ್ತಿಗೆ ಇಲ್ಲಿದ್ದ ಆತ ಸ್ವತಃ ಕುದುರೆ ವ್ಯಾಪಾರಿ. ಬೇರೆ ಪ್ರವಾಸಿಗಳು ಅರಮನೆ, ಹಬ್ಬ, ರತ್ನ ಅಂತ ಬೆರಗಾಗಿ ಬರೆದರೆ ಈತ ರೇಟು ಬರೆದ. ನನಗೆ ಅವನೇ ಇಷ್ಟ. ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ ಅನ್ನುತ್ತಾನೆ. (ನಮ್ಮ ವರಾಹವನ್ನೇ ಅವರು ಪರ್ದಾವ್ ಅನ್ನುತ್ತಿದ್ದರು.) ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು. ಓದಿದಾಗ ನಗು ಬಂತು, ಆಮೇಲೆ ಅರ್ಥ ಆಯ್ತು. ದಾರಿಯ ರಿಸ್ಕು ರಾಜ ಹೊರದಿದ್ದರೆ ವ್ಯಾಪಾರಿ ಆ ಕುದುರೆಗಳನ್ನು ಬಹಮನಿ ಕಡೆ ಹೊಡೆದುಕೊಂಡು ಹೋಗ್ತಾನೆ.

ಇದಕ್ಕಿಂತ ಮಜಾ ಇರೋದು ಸೆಕೆಂಡ್ ಹ್ಯಾಂಡ್ ಭಾಗ. ರಾಜ ವರ್ಷಕ್ಕೆ ಹೊರ್ಮುಜ್‌ದು, ನಾಡಿಂದು ಎಲ್ಲ ಸೇರಿಸಿ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎಂದು ನೂನಿಜ್ ಹೇಳುತ್ತಾನೆ. ಒಳ್ಳೆಯವನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ಉಳಿದ ನಾಡಕುದುರೆಗಳನ್ನು ತನ್ನ ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುತ್ತಿದ್ದ. ಬೇಡ ಅನ್ನೋ ಹಾಗಿಲ್ಲ, ಸೆಪ್ಟೆಂಬರ್ ಒಳಗೆ ದುಡ್ಡು ಕಟ್ಟಬೇಕು. ಇದೇ ನೂನಿಜ್ ಇನ್ನೊಂದು ಕಡೆ, ನಾಡಕುದುರೆಗಳನ್ನು ರಾಜ ಸಾವಿರಕ್ಕೆ ಹನ್ನೆರಡರಿಂದ ಹದಿನೈದರಂತೆ ಕೊಳ್ಳುತ್ತಾನೆ ಅಂತ ಬರೆದಿದ್ದಾನೆ. ಲೆಕ್ಕ ಹಾಕಿ: ಸುಮಾರು ಅರವತ್ತೇಳರಿಂದ ಎಂಬತ್ಮೂರಕ್ಕೆ ಕೊಂಡದ್ದು ಇನ್ನೂರಕ್ಕೆ. ಆ ಲಾಭದಲ್ಲಿ ಪೋರ್ಚುಗೀಸರ ಅರಬ್ ಕುದುರೆಗಳ ಬಿಲ್ಲು ತೀರುತ್ತಿತ್ತು, ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ. ಯಾವ ಕಾರ್ ಡೀಲರ್ ಇಷ್ಟು ಮಾರ್ಜಿನ್ ನೋಡಿದ್ದಾನೆ ಹೇಳಿ!

ಟರ್ಬೊ ಕೂಡ ಹೊರಗಿಂದ ತಂದ ಬಲವೇ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತೆ. ಗಾಳಿ ಜಾಸ್ತಿ ಆದಷ್ಟು ಪೆಟ್ರೋಲ್ ಜಾಸ್ತಿ ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲೇ. ಪೋಲೊದಲ್ಲಿ 1500 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಬರೋದು ಈ ತುರುಕಿದ ಗಾಳಿಯಿಂದ. ಸಂಡೂರಿನ ಏರಿನಲ್ಲಿ ಅದಿರು ಲಾರಿ ಹಿಂದಿಕ್ಕುವಾಗ ಕಾಲು ಒತ್ತಿದರೆ ಸಾಕು, ಕಾರು ಹೊರಟುಬಿಡುತ್ತೆ. ವಿಟೆಕ್ ಹಾಗಲ್ಲ. ಅದರ 106 ಕುದುರೆ ಪೂರ್ತಿ ಹೊರಬರೋದು 6800 ಆರ್‌ಪಿಎಂ ಹತ್ತಿರ. ಅಲ್ಲೀವರೆಗೆ ಗೇರು ಇಳಿಸಿ ಎಂಜಿನ್ ಅರಚಿಸಬೇಕು. ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ರಸ್ತೆಯಲ್ಲಿ, ಬಾಳೆತೋಟ ಮತ್ತು ಭತ್ತದ ಗದ್ದೆಗಳ ನಡುವೆ ಅದನ್ನು ಎಳೆಸಿದಾಗ ಬಂದ ಸದ್ದು ಇದೆಯಲ್ಲ, ಪೋಲೊ ಅದನ್ನು ಕೊಡಲಾರದು. ಆದರೆ ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂದರೆ ಆ ಸದ್ದೂ ಇಲ್ಲ, ಏನೂ ಇಲ್ಲ.

ಇಷ್ಟಕ್ಕೇ ಆದರೆ ಪೋಲೊ ಗೆದ್ದ ಹಾಗೆ. ನನ್ನನ್ನು ತಡೆದದ್ದು ಮಾರ್ಕೊ ಪೋಲೊ. (ಹೆಸರು ಕಾಕತಾಳೀಯ.) ಹದಿಮೂರನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ನೋಡಿದ ಆತ, ಅಲ್ಲಿನ ಒಬ್ಬೊಬ್ಬ ರಾಜನೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯಲ್ಲ ಅನ್ನುತ್ತಾನೆ. ಕಾರಣ ಯುದ್ಧ ಅಲ್ಲ. ಸಾಕೋದು ಗೊತ್ತಿರಲಿಲ್ಲ. ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರಂತೆ. ಕುದುರೆ ವೈದ್ಯರು ಅಲ್ಲಿರಲಿಲ್ಲ, ವ್ಯಾಪಾರಿಗಳು ಯಾರನ್ನೂ ಹೋಗೋಕೆ ಬಿಡುತ್ತಲೂ ಇರಲಿಲ್ಲ. ಕುದುರೆ ಸತ್ತರೆ ತಾನೆ ಮತ್ತೆ ಮಾರಾಟ. ಮಾರ್ಕೊ ಮಾತಿನಲ್ಲಿ ಉಪ್ಪುಖಾರ ಎಷ್ಟಿದೆಯೋ, ಲಾಜಿಕ್ ಮಾತ್ರ ಸರ್ವಿಸ್ ಸೆಂಟರ್ ಬಿಲ್ ನೋಡಿದ ಎಲ್ಲರಿಗೂ ಗೊತ್ತು.

1962ರಲ್ಲಿ ಅಮೆರಿಕದಲ್ಲೂ ಇದೇ ಆಯ್ತು. ಮೊದಲ ಟರ್ಬೊ ಕಾರುಗಳಲ್ಲೊಂದಾದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ಪೆಟ್ರೋಲ್ ಜೊತೆ ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನೂ ತುಂಬಿಸುತ್ತಿರಬೇಕಿತ್ತು. ಕೊಂಡವರು ಮರೆತರು. ಕೊನೆಗೆ ಎಷ್ಟೋ ಕಾರುಗಳ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಟ್ಟರು.

ಈಗಿನ ಟರ್ಬೊಗೆ ಅಂಥ ವ್ರತ ಇಲ್ಲ. ಆದರೂ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ದಂಡ ನಿಂತಿರೋದು ಎಣ್ಣೆಯ ತೆಳು ಪದರದ ಮೇಲೆ. ಹೇಳಿದ ಗ್ರೇಡಿನ ಆಯಿಲ್ ಹೇಳಿದ ಹೊತ್ತಿಗೆ ಬದಲಾಗದಿದ್ದರೆ ಅದು ಸವೆಯುತ್ತೆ. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡೋ ಚಾಳಿ ಇದ್ದವನ ಗಾಡಿಯಲ್ಲಿ ಎಣ್ಣೆ ಒಳಗೇ ಸುಟ್ಟು ಕರಿ ಕಟ್ಟುವ ಭಯ ಬೇರೆ. ಮೇಲೆ ನಮ್ಮ ಏಪ್ರಿಲ್ಲಿನ 40 ಡಿಗ್ರಿ: ಬಿಸಿ ಗಾಳಿ ತೆಳು, ಒತ್ತಿದರೆ ಇನ್ನೂ ಬಿಸಿ, ಅದನ್ನು ತಣಿಸೋಕೆ ಇಂಟರ್‌ಕೂಲರ್. ಅದರ ಮೇಲೆ ಸಂಡೂರಿನ ಕೆಂಪು ಧೂಳು. ಇವೆಲ್ಲ ಮೊದಲ ಮಾಲೀಕನ ಅಭ್ಯಾಸಗಳು, ಎರಡನೆಯವನ ಖರ್ಚು.

ವಿಜಯನಗರದ ಸಮಸ್ಯೆಯೂ ಅಷ್ಟೇ. ಬಲ ತನ್ನದು, ಗಾಳಿ ಬೇರೆಯವರದು. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಗೋವಾದವರ ಜೊತೆ ಒಪ್ಪಂದ ಆಯ್ತು: ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೇ, ಬಿಜಾಪುರಕ್ಕೆ ಇಲ್ಲ. ಅಷ್ಟು ಗಟ್ಟಿ ಸಪ್ಲೈ ಇದ್ದೂ 1565 ತಪ್ಪಲಿಲ್ಲ. ರಾಜಧಾನಿ ಹಾಳಾದ ಮೇಲೆ ಗೋವಾದ ಸುಂಕದ ಆದಾಯವೇ ಕುಸಿಯಿತು ಎಂದು ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದೊ ಕೌಟೊ ಕೊರಗಿದ್ದಾನೆ.

ನಮ್ಮ ಕಾಲದಲ್ಲೂ ಹೊರಗಿನ ಗಾಳಿ ಈ ಊರಿಗೆ ಒಂದು ಸಲ ಬೀಸಿತ್ತು. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಹೊಸಪೇಟೆಯ ರಸ್ತೆ ಮೇಲೆ ನಾವು ಹುಡುಗರು ಕಂಡ ಕಾರುಗಳ ಹೆಸರೇ ಹೇಳೋಕೆ ಬರುತ್ತಿರಲಿಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಕಾರುಗಳೂ ಕಾಣೆಯಾದವು.

ಪೋಲೊ ಮಾಲೀಕನ ಹತ್ತಿರ ಅರವತ್ತು ಸಾವಿರ ಕಿಲೋಮೀಟರ್ ಆದ ಮೇಲಿನ ಒಂದೂ ಆಯಿಲ್ ಬಿಲ್ ಇರಲಿಲ್ಲ. "ಹೊರಗೆ ಮಾಡಿಸಿದ್ದೀನಿ ಬ್ರೋ" ಅಂದ. ಬಾಲವನ್ನಾದರೂ ತಂದು ತೋರಿಸಬಹುದಿತ್ತು. ಅಲ್ಲಿಗೆ ಕೈಬಿಟ್ಟೆ. ಎಲ್ಲ ಬಿಲ್ ಇದ್ದ ಟರ್ಬೊ ಸಿಕ್ಕಿದ್ದರೆ ಕಣ್ಣುಮುಚ್ಚಿ ತಗೋತಿದ್ದೆ, ಅದನ್ನೂ ಹೇಳಿಬಿಡ್ತೀನಿ. ಹಳೇ ವಿಟೆಕ್‌ಗೂ ಕಾಟ ಕಡಿಮೆಯಿಲ್ಲ. ಹದಿನೈದು ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ನೋಂದಣಿ ನವೀಕರಣ, ಹಸಿರು ತೆರಿಗೆ, ಒಣಗಿದ ರಬ್ಬರುಗಳು. ಆದರೆ ಅದನ್ನು ಯಾರಾದರೂ ಹಾಳು ಮಾಡಿದ್ದರೆ ನಮ್ಮೂರ ಮೇಸ್ತ್ರಿಯೇ ಸರಿ ಮಾಡಬಲ್ಲ.

ಆ ಮೇಸ್ತ್ರಿ, ನಾವು ಚಾಚಾ ಅನ್ನೋರು, ಕೊನೆಯ ದಿನ ಬಂದು ನೋಡಿದರು. ಸಿಟಿಯ ಮಾಲೀಕರು ಗಾಡಿ ಬೆಂಗಳೂರು ಬಿಟ್ಟು ಓಡೇ ಇಲ್ಲ, ಮಾರೋಕೆ ಅಂತ ಈಗ ತಂದದ್ದು ಅಂತ ಪ್ರಮಾಣ ಮಾಡುತ್ತಿದ್ದರು. ಚಾಚಾ ಮಾತಾಡದೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಎರಡು ಸಲ ಕುಟ್ಟಿದರು. ಕುಂಕುಮದ ಹಾಗೆ ಕೆಂಪು ಪುಡಿ ಉದುರಿತು.

"ಹಾಂ... ಒಂದ್ಸಲ ಕಂಪ್ಲಿಗೆ ಹೋಗಿದ್ವಿ" ಅಂದರು ಮಾಲೀಕರು.

"ಕಂಪ್ಲಿಯಾಗ ಭತ್ತ ಬೆಳೀತಾರ್ರೀ ಸಾಹೇಬ್ರ, ಕಬ್ಬಿಣ ಅಲ್ಲ" ಅಂದ ಚಾಚಾ, ನನ್ನ ಕಡೆ ತಿರುಗಿ, "ತಮ್ಮಾ, ಇಪ್ಪತ್ತು ಸಾವಿರ ಕಡಿಮಿ ಮಾಡಿ ಮಾತಾಡು" ಅಂದರು.