ಟವಲ್ ಕೆಳಗಿನ ಬೆರಳು, ಹೋಟೆಲ್ ರೂಮಿನ ಬೆಲೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಒಂದು ದೃಶ್ಯ ನೋಡಿಯೇ ಇರುತ್ತೀರಿ. ದಲ್ಲಾಳಿ ಮತ್ತು ರೈತ ಎದುರುಬದುರು ನಿಂತಿರುತ್ತಾರೆ. ಇಬ್ಬರ ಕೈ ಮೇಲೆ ಒಂದು ಟವಲ್. ಬಾಯಲ್ಲಿ ಮಾತಿಲ್ಲ. ಟವಲ್ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತೆ, ಬಿಡುತ್ತೆ. ಅಷ್ಟರಲ್ಲೇ ಎತ್ತಿನ ಬೆಲೆ ತೀರ್ಮಾನ. ಸುತ್ತ ನಿಂತವರಿಗೆ ಒಂದು ಪೈಸೆಯ ಸುಳಿವೂ ಸಿಗಲ್ಲ.

ಯಾಕೆ ಈ ಗುಟ್ಟು? ಈ ಎತ್ತು ಎಷ್ಟಕ್ಕೆ ಹೋಯಿತು ಅಂತ ಪಕ್ಕದವನಿಗೆ ಗೊತ್ತಾದರೆ ಮುಂದಿನ ಎತ್ತನ್ನೂ ಅಷ್ಟಕ್ಕೇ ಕೇಳ್ತಾನೆ. ಮಾರುವವನಿಗೆ ಕಡಿಮೆ ಬೆಲೆಗೆ ಕೊಡುವುದು ನಷ್ಟವಲ್ಲ. ಕಡಿಮೆಗೆ ಕೊಟ್ಟಿದ್ದು ಊರಿಗೆಲ್ಲ ಗೊತ್ತಾಗುವುದು ನಷ್ಟ!

ಈ ಒಂದು ಸಾಲನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಯಾಕಂದ್ರೆ ಇಂಟರ್ನೆಟ್ಟಿನಲ್ಲಿ ಹೋಟೆಲ್ ರೂಮು ಮಾರುವ ವ್ಯಾಪಾರದ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯ ಶುರುವಾಗಿದ್ದೇ ಈ ಟವಲ್ ಕೆಳಗಿನ ವಿದ್ಯೆಯಿಂದ. ಜಾಗ ಮಾತ್ರ ಘಾಟಿ ಅಲ್ಲ, ಅಮೆರಿಕ.

1998ರ ಏಪ್ರಿಲ್. ಜೇ ವಾಕರ್ ಎಂಬ ಉದ್ಯಮಿ ಪ್ರೈಸ್‌ಲೈನ್ ಎಂಬ ತಾಣವನ್ನು ಜನರ ಮುಂದಿಟ್ಟ. ಅದರ ಘೋಷಣೆ ಸರಳ: ನಿಮ್ಮ ಬೆಲೆ ನೀವೇ ಹೇಳಿ. ಮೊದಲು ವಿಮಾನದ ಟಿಕೆಟ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೋಟೆಲ್ ರೂಮು. (ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ-ವಡೆ, ಮಲಗೋಕೆ ಬೇಕಾದರೆ ಲಾಡ್ಜು. ಇಲ್ಲಿ ಹೇಳ್ತಿರೋದು ಮಲಗುವ ಹೋಟೆಲ್ ವಿಷಯ.)

ಹೇಗೆ ನಡೀತಿತ್ತು ನೋಡಿ. ನೀವು ಊರು ಆರಿಸಬೇಕು. ಊರಿನ ಯಾವ ಭಾಗ, ಎಷ್ಟು ಸ್ಟಾರ್, ಯಾವ ತಾರೀಖು, ಅದನ್ನೆಲ್ಲ ಹೇಳಬೇಕು. ಆಮೇಲೆ ನಿಮ್ಮ ಬೆಲೆ ಬರೆಯಬೇಕು. 150 ಡಾಲರಿನ ರೂಮಿಗೆ 60 ಅಂತ ಕೇಳಿದರೂ ಯಾರೂ ಬೈಯಲ್ಲ. ಆದರೆ ಬೆಲೆ ಬರೆಯುವುದರ ಜೊತೆಗೇ ಕ್ರೆಡಿಟ್ ಕಾರ್ಡ್ ನಂಬರೂ ಕೊಡಬೇಕು. ಯಾವುದಾದರೂ ಹೋಟೆಲ್ ಒಪ್ಪಿದರೆ ಆ ಕ್ಷಣವೇ ದುಡ್ಡು ಕಟ್. ಹೋಟೆಲಿನ ಹೆಸರು ಗೊತ್ತಾಗೋದು ಅದಾದ ಮೇಲೆ! ಇಷ್ಟವಾಗದಿದ್ದರೆ? ವಾಪಸ್ ಇಲ್ಲ, ಬದಲಾವಣೆ ಇಲ್ಲ. ಎರಡು ಮಂಚವೋ ಒಂದೇ ಮಂಚವೋ, ಅದೂ ಹೋಟೆಲಿನವರ ಇಷ್ಟ.

ಘಾಟಿಯಲ್ಲಿ ಬೆಲೆ ಟವಲ್ ಕೆಳಗಿದ್ದರೂ ಎತ್ತು ಕಣ್ಣ ಮುಂದೆ ಇರುತ್ತೆ. ಹಲ್ಲು ನೋಡಬಹುದು, ಸುಳಿ ನೋಡಬಹುದು, ನಾಲ್ಕು ಹೆಜ್ಜೆ ನಡೆಸಿ ನೋಡಬಹುದು. ಅಮೆರಿಕದವರು ಒಂದು ಹೆಜ್ಜೆ ಮುಂದೆ ಹೋಗಿ ಎತ್ತನ್ನೂ ಟವಲ್ ಕೆಳಗೇ ಇಟ್ಟುಬಿಟ್ಟರು.

ಹಾಗಾದರೆ ಹೋಟೆಲಿನವರು ಯಾಕೆ ಒಪ್ಪಿಕೊಂಡರು? ಇಲ್ಲಿದೆ ವ್ಯಾಪಾರದ ಗುಟ್ಟು. ಅಕ್ಕಿ ಇವತ್ತು ಮಾರಾಟವಾಗದಿದ್ದರೆ ನಾಳೆ ಮಾರಬಹುದು. ಹೋಟೆಲ್ ರೂಮು ಹಾಗಲ್ಲ. ಇವತ್ತಿನ ರಾತ್ರಿ ಖಾಲಿ ಹೋದರೆ ಹೋಯಿತು. ಅದನ್ನು ಗೋಡೌನಿನಲ್ಲಿಟ್ಟು ನಾಳೆ ಮಾರೋಕಾಗಲ್ಲ. ರೂಮು ಗುಡಿಸಿ, ಹಾಸಿಗೆ ಬದಲಿಸಿ, ಸೋಪು ಇಡುವ ಖರ್ಚಿಗಿಂತ ಒಂದು ಡಾಲರ್ ಹೆಚ್ಚಿಗೆ ಬಂದರೂ ಅದು ಲಾಭವೇ. ಆದರೆ ಬಾಗಿಲಿಗೆ 60 ಡಾಲರ್ ಅಂತ ಬೋರ್ಡ್ ಹಾಕಿದರೆ ಏನಾಗುತ್ತೆ? 150 ಕೊಟ್ಟು ಒಳಗೆ ಮಲಗಿರುವ ಕಂಪನಿ ಸಾಹೇಬ ಎದ್ದು ಬಂದು ಜಗಳ ಮಾಡ್ತಾನೆ. ಅದಕ್ಕೇ ಹೆಸರು ಮುಚ್ಚಿಟ್ಟು ಮಾರಾಟ. ಎಲ್ಲಿ ಮಲಗಿದರೂ ಪರವಾಗಿಲ್ಲ, ಅಗ್ಗವಾಗಿದ್ದರೆ ಸಾಕು ಅನ್ನುವವನು ಇಲ್ಲಿಗೆ ಬರ್ತಾನೆ. ಇಂಥದ್ದೇ ಹೋಟೆಲ್ ಬೇಕು ಅನ್ನುವವನು ಪೂರ್ತಿ ದುಡ್ಡು ಕೊಡ್ತಾನೆ. ಇಬ್ಬರನ್ನೂ ಬೇರೆ ಬೇರೆ ಮಾಡುವ ಜರಡಿ ಇದು.

ವಾಕರ್ ಈ ಉಪಾಯಕ್ಕೆ 1998ರ ಆಗಸ್ಟ್‌ನಲ್ಲಿ ಪೇಟೆಂಟನ್ನೇ ಪಡೆದ. ಗಿರಾಕಿ ಬೆಲೆ ಹೇಳುವುದಕ್ಕೆ ಪೇಟೆಂಟ್! ನಮ್ಮ ಜಾತ್ರೆಯ ದಲ್ಲಾಳಿಗಳು ಕೇಳಿದ್ದರೆ ನಕ್ಕುಬಿಡ್ತಿದ್ದರು. ಜಾಹೀರಾತಿಗೆ ಬಂದವರು ವಿಲಿಯಂ ಶಾಟ್ನರ್, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್. 1999ರ ಮಾರ್ಚ್ 30ರಂದು ಕಂಪನಿಯ ಷೇರು ಮಾರುಕಟ್ಟೆಗೆ ಬಂತು. ಕೊಟ್ಟ ಬೆಲೆ 16 ಡಾಲರ್. ಆ ದಿನ ಸಂಜೆ ಮುಗಿದಿದ್ದು 69ಕ್ಕೆ. ಒಂದು ವಿಮಾನವೂ ಇಲ್ಲದ, ಒಂದು ಮಂಚವೂ ಇಲ್ಲದ ಕಂಪನಿಯ ಬೆಲೆ ದೊಡ್ಡ ದೊಡ್ಡ ವಿಮಾನ ಕಂಪನಿಗಳಿಗಿಂತ ಹೆಚ್ಚಾಯಿತು.

ಆಮೇಲೆ ತಲೆ ತಿರುಗಿತು. ದಿನಸಿಗೂ ಬೆಲೆ ಹೇಳಿ, ಪೆಟ್ರೋಲಿಗೂ ಬೆಲೆ ಹೇಳಿ ಅಂತ ಇನ್ನೊಂದು ಕಂಪನಿ ತೆರೆದರು. 2000ದ ಅಕ್ಟೋಬರ್‌ಗೆ ಅದು ಬಾಗಿಲು ಹಾಕಿತು. ಡಾಟ್‌ಕಾಂ ಗುಳ್ಳೆ ಒಡೆಯಿತು. ಆ ವರ್ಷದ ಕೊನೆಗೆ ಪ್ರೈಸ್‌ಲೈನ್ ಷೇರು ಎರಡು ಡಾಲರಿಗಿಂತ ಕೆಳಗೆ!

ಆದರೆ ಹೋಟೆಲ್ ರೂಮಿನ ಸವಾಲು ಮಾತ್ರ ಸಾಯಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಜನ ಪ್ರಯಾಣವನ್ನೇ ಬಿಟ್ಟರು. ಹೋಟೆಲುಗಳು ಖಾಲಿ ಹೊಡೆದವು. ಮಾನ ಕಾಪಾಡಿಕೊಂಡು ಅಗ್ಗಕ್ಕೆ ಮಾರೋಕೆ ಟವಲ್ ಬೇಕೇ ಬೇಕಾಯಿತು.

ಗಿರಾಕಿಗಳೇನು ಸುಮ್ಮನೆ ಕೂತರಾ? ಇಲ್ಲ. ನಿಯಮ ಹೀಗಿತ್ತು: ಒಮ್ಮೆ ಕೇಳಿದ ಬೆಲೆ ತಿರಸ್ಕಾರವಾದರೆ ಅದೇ ಭಾಗ, ಅದೇ ಸ್ಟಾರ್, ಅದೇ ತಾರೀಖಿಗೆ ತಕ್ಷಣ ಮತ್ತೆ ಕೇಳುವಂತಿಲ್ಲ. ಕಾಯಬೇಕು. ಇಲ್ಲವೇ ಏನಾದರೂ ಬದಲಿಸಬೇಕು. ಚಾಲಾಕಿಗಳು ಏನು ಮಾಡಿದರು ಗೊತ್ತಾ? ನಮಗೆ ಬೇಕಾದ್ದು ಊರಿನ ನಡುಭಾಗದ ನಾಲ್ಕು ಸ್ಟಾರ್ ರೂಮು ಅಂತ ಇಟ್ಟುಕೊಳ್ಳಿ. ನಾಲ್ಕು ಸ್ಟಾರ್ ಹೋಟೆಲೇ ಇಲ್ಲದ ಇನ್ನೊಂದು ಭಾಗವನ್ನು ಪಟ್ಟಿಗೆ ಸೇರಿಸಿದರು. ನಿಯಮದ ಪ್ರಕಾರ ಇದು ಹೊಸ ಸವಾಲು, ಇನ್ನೊಂದು ಸಲ ಕೇಳಬಹುದು. ಆದರೆ ರೂಮು ಸಿಗೋದಾದರೆ ನಡುಭಾಗದಲ್ಲೇ ಸಿಗಬೇಕು! ಹೀಗೆ 60, ಆಮೇಲೆ 65, ಆಮೇಲೆ 70 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿದರು.

ಅಷ್ಟೇ ಅಲ್ಲ. ಎಷ್ಟಕ್ಕೆ ಸಿಕ್ಕಿತು, ಯಾವ ಹೋಟೆಲ್ ಬಂತು, ಹಾಸಿಗೆ ಹೇಗಿತ್ತು, ಪಾರ್ಕಿಂಗ್‌ಗೆ ಬೇರೆ ದುಡ್ಡು ಕಿತ್ತರಾ, ಎಲ್ಲವನ್ನೂ ಒಬ್ಬರಿಗೊಬ್ಬರು ಹೇಳಿಕೊಂಡರು. ಹತ್ತು ಜನ ಹೇಳಿಕೊಂಡಾಗ, ಹೆಸರು ಮುಚ್ಚಿದ್ದರೂ ಯಾವ ಹೋಟೆಲ್ ಬರಬಹುದು ಅನ್ನುವ ಅಂದಾಜು ಸಿಕ್ಕಿತು. ಟವಲ್ಲಿಗೆ ತೂತು ಬಿತ್ತು.

ಆ ತೂತನ್ನು ಬಾಗಿಲು ಮಾಡಿದ್ದು ಇನ್ನೊಂದು ಕಂಪನಿ. 2000ದಲ್ಲಿ ಮ್ಯಾಸಚೂಸೆಟ್ಸ್‌ನ ನೀಡಮ್ ಎಂಬ ಊರಿನಲ್ಲಿ, ಪಿಜ್ಜಾ ಅಂಗಡಿಯ ಮೇಲಿನ ಕೋಣೆಯಲ್ಲಿ, ಸ್ಟೀಫನ್ ಕೌಫರ್ ಮತ್ತು ಗೆಳೆಯರು ಟ್ರಿಪ್‌ಅಡ್ವೈಸರ್ ಶುರು ಮಾಡಿದರು. ಮೊದಲು ಅವರು ಒಟ್ಟುಮಾಡಿದ್ದು ಪತ್ರಿಕೆಗಳ, ಪ್ರವಾಸಿ ಪುಸ್ತಕಗಳ ವಿಮರ್ಶೆ. ನಿಮ್ಮ ಅನುಭವ ನೀವೂ ಬರೆಯಿರಿ ಅಂತ ಒಂದು ಗುಂಡಿಯನ್ನೂ ಇಟ್ಟರು. ಪಂಡಿತರನ್ನು ಜನ ಬದಿಗಿಟ್ಟರು. ಓದಿದ್ದು ಜನರದ್ದನ್ನೇ.

ನಮಗಿದು ಹೊಸದಾ? ನಮ್ಮ ಹಳೇ ಟ್ರಾವೆಲರ್ಸ್ ಬಂಗಲೆಗಳಲ್ಲಿ ಬಂದವರು ಅಭಿಪ್ರಾಯ ಬರೆಯುವ ಪುಸ್ತಕ ಇರ್ತಿತ್ತು. ಮೇಟಿ ಮಾಡಿದ ಕೋಳಿ ಸಾರು ಚೆನ್ನಾಗಿತ್ತು ಅಂತಲೋ ಸೊಳ್ಳೆ ಪರದೆ ಹರಿದಿತ್ತು ಅಂತಲೋ ದೊಡ್ಡ ಅಧಿಕಾರಿಗಳು ಬರೆದು ಸಹಿ ಹಾಕ್ತಿದ್ದರು. ಆದರೆ ಆ ಪುಸ್ತಕ ಬಂಗಲೆಯ ಮೇಜಿನ ಮೇಲೇ ಉಳೀತಿತ್ತು. ಬಂದು ತಲುಪಿದ ಮೇಲೆ ಓದಿ ಏನು ಪ್ರಯೋಜನ? ಮನೆಯಿಂದ ಹೊರಡುವ ಮೊದಲೇ ಆ ಪುಸ್ತಕ ಕೈಗೆ ಸಿಕ್ಕಿದ್ದು, ಇತಿಹಾಸ ಬದಲಾಗಿದ್ದು ಅಲ್ಲಿ.

ಈಗ ಕಥೆಯ ತಿರುವು. 2005ರಲ್ಲಿ ಪ್ರೈಸ್‌ಲೈನ್ ನೆದರ್‌ಲ್ಯಾಂಡ್ಸ್‌ನ ಒಂದು ಕಂಪನಿಯನ್ನು ಸುಮಾರು 13 ಕೋಟಿ ಡಾಲರಿಗೆ ಕೊಂಡಿತು. ಅದರ ಹೆಸರು ಬುಕಿಂಗ್ ಡಾಟ್ ಕಾಮ್. 1996ರಲ್ಲಿ ಗೀರ್ಟ್-ಯಾನ್ ಬ್ರೌನ್ಸ್ಮಾ ಎಂಬ ಯುವಕ ಕಟ್ಟಿದ್ದು. ಇವರ ದಾರಿ ಪೂರ್ತಿ ಉಲ್ಟಾ. ಹೋಟೆಲಿನ ಹೆಸರು ಎದುರಿಗೆ, ಫೋಟೋ ಎದುರಿಗೆ, ಬೆಲೆ ಎದುರಿಗೆ, ಉಳಿದವರ ಅಭಿಪ್ರಾಯವೂ ಎದುರಿಗೆ. ಎಷ್ಟೋ ಕಡೆ ದುಡ್ಡು ಕೊಡೋದು ಹೋಟೆಲಿಗೆ ಹೋದ ಮೇಲೆ. ಹೋಟೆಲಿನಿಂದ ಕಮಿಷನ್, ಅಷ್ಟೇ.

ಕಣ್ಣಿಗೆ ಕಾಣುವ ವ್ಯಾಪಾರ ಗೆದ್ದಿತು, ಮುಚ್ಚಿಟ್ಟ ವ್ಯಾಪಾರ ಸೋತಿತು. 2012ರಲ್ಲಿ ಶಾಟ್ನರ್ ಮಾಡುತ್ತಿದ್ದ ಚೌಕಾಸಿಗಾರನ ಪಾತ್ರವನ್ನು ಒಂದು ಜಾಹೀರಾತಿನಲ್ಲಿ ಬಸ್ ಅಪಘಾತದಲ್ಲಿ ಸಾಯಿಸಿದರು. 2016ರಲ್ಲಿ ವಿಮಾನ ಟಿಕೆಟಿನ ಸವಾಲು ನಿಂತಿತು. ಕೆಲವೇ ವರ್ಷಗಳಲ್ಲಿ ಹೋಟೆಲ್ ರೂಮಿನದ್ದೂ ಮುಗಿಯಿತು. 2018ರಲ್ಲಿ ಮೂಲ ಕಂಪನಿಯೇ ಹೆಸರು ಬದಲಿಸಿ ಬುಕಿಂಗ್ ಹೋಲ್ಡಿಂಗ್ಸ್ ಆಯಿತು. ಮನೆಗೆ ಬಂದ ಸೊಸೆಯ ಹೆಸರನ್ನು ಮನೆತನವೇ ಇಟ್ಟುಕೊಂಡ ಹಾಗೆ!

ಹಾಗಾದರೆ ಗಿರಾಕಿ ಗೆದ್ದನಾ? ನಿಧಾನಿಸಿ.

ಬೆಲೆ ಬಯಲಿಗೆ ಬಂದ ಮೇಲೆ ಮುಚ್ಚಿಡೋಕೆ ಬೇರೆ ವಸ್ತು ಸಿಕ್ಕಿತು. ಅದು ಅಭಿಪ್ರಾಯ. 2012ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಟ್ರಿಪ್‌ಅಡ್ವೈಸರ್‌ಗೆ ಒಂದು ಮಾತು ಹೇಳಿತು: ನಿಮ್ಮಲ್ಲಿನ ಎಲ್ಲ ವಿಮರ್ಶೆಗಳೂ ನಿಜವಾದ ಪ್ರಯಾಣಿಕರದ್ದು ಅಂತ ಹೇಳಿಕೊಳ್ಳಬೇಡಿ. 2014ರಲ್ಲಿ ದಿನಾ ಮೇಜ್ಲಿನ್, ಯಾನಿವ್ ಡೋವರ್, ಜುಡಿತ್ ಶೆವಲಿಯೆ ಎಂಬ ಮೂವರು ಸಂಶೋಧಕರು ಒಂದು ಚಂದದ ಲೆಕ್ಕ ಹಾಕಿದರು. ಎಕ್ಸ್‌ಪೀಡಿಯಾದಲ್ಲಿ ರೂಮು ಕೊಂಡವರು ಮಾತ್ರ ಬರೆಯಬಹುದು. ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು. ಒಂದೇ ಹೋಟೆಲಿಗೆ ಎರಡೂ ಕಡೆ ಬಂದ ವಿಮರ್ಶೆಗಳನ್ನು ಹೋಲಿಸಿದರು. ಹತ್ತಿರದಲ್ಲೇ ಸ್ವತಂತ್ರ ಮಾಲೀಕರ ಪ್ರತಿಸ್ಪರ್ಧಿ ಹೋಟೆಲ್ ಇದ್ದರೆ, ಯಾರು ಬೇಕಾದರೂ ಬರೆಯುವ ಕಡೆ ಬೈಗುಳ ಹೆಚ್ಚು! ಬೈದವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾ?

2018ರಲ್ಲಿ ಇಟಲಿಯ ಲೆಚ್ಚೆ ನಗರದ ನ್ಯಾಯಾಲಯ ಸುಳ್ಳು ವಿಮರ್ಶೆ ಬರೆದು ಮಾರುತ್ತಿದ್ದವನಿಗೆ ಒಂಬತ್ತು ತಿಂಗಳ ಜೈಲು ವಿಧಿಸಿತು. ನಮ್ಮ ದೇಶದಲ್ಲೂ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ ಬಂತು. ಕುಕ್ಕರ್‌ಗೆ ಐಎಸ್‌ಐ ಮುದ್ರೆ ಇದ್ದ ಹಾಗೆ, ಮಾತಿಗೂ ಮಾನದಂಡ!

ಇನ್ನು ಅಂಗಡಿಯ ಮಾಲೀಕನ ಪಾಡು. ಗಿರಾಕಿಯೆಲ್ಲ ಒಂದೇ ಬಾಗಿಲಿನಿಂದ ಬರೋಕೆ ಶುರುವಾದರೆ ಬಾಗಿಲು ಕಾಯುವವನೇ ಯಜಮಾನ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಬೇರೆ ಕಡೆ ಇದಕ್ಕಿಂತ ಅಗ್ಗಕ್ಕೆ ರೂಮು ಮಾರಬಾರದು ಅಂತ ಹೋಟೆಲುಗಳನ್ನು ಕಟ್ಟಿಹಾಕಿದ್ದು ಒಂದು ಆರೋಪ. ನಮ್ಮ ಬೆಂಗಳೂರಿನ ಟ್ರೀಬೊ, ಜೊತೆಗೆ ಫ್ಯಾಬ್‌ಹೋಟೆಲ್ಸ್, ಇವುಗಳ ರೂಮುಗಳನ್ನು ಪಟ್ಟಿಯಿಂದ ತೆಗೆದಿದ್ದು ಇನ್ನೊಂದು. 2024ರ ಜುಲೈನಲ್ಲಿ ಸ್ಪೇನ್ ದೇಶ ಬುಕಿಂಗ್‌ಗೆ ಹಾಕಿದ ದಂಡ 41.3 ಕೋಟಿ ಯೂರೋ. ನಿಮ್ಮ ಬೆಲೆ ನೀವೇ ಹೇಳಿ ಅಂತ ಗಿರಾಕಿಗೆ ಹೇಳಿದ ಕಂಪನಿಯ ವಂಶದಲ್ಲೇ, ಹೋಟೆಲಿನವನು ತನ್ನ ಬೆಲೆ ತಾನು ಹೇಳುವ ಸ್ವಾತಂತ್ರ್ಯದ ಪ್ರಶ್ನೆ ಎದ್ದು ನಿಂತಿದೆ!

ಇಷ್ಟೆಲ್ಲ ಹೇಳಿ ನನ್ನದೊಂದು ತಪ್ಪೊಪ್ಪಿಗೆ ಹೇಳದಿದ್ದರೆ ಮೋಸವಾಗುತ್ತೆ. ಒಂದು ಮಳೆಗಾಲ ಮಲೆನಾಡಿನ ಕಡೆ ಸಂಸಾರ ಸಮೇತ ಹೋಗಿದ್ದೆ. ಫೋನಿನಲ್ಲಿ ನೋಡಿ, ಐದಕ್ಕೆ ನಾಲ್ಕೂವರೆ ಸ್ಟಾರ್ ಇದ್ದ ಜಾಗ ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಗೋಡೆಯೆಲ್ಲ ತೇವ, ಗೀಸರ್ ಕೆಟ್ಟಿದೆ. ಅಲ್ಲಿನ ರೂಮ್ ಬಾಯ್, ಇಪ್ಪತ್ತು ವರ್ಷ ಇರಬಹುದು, ಬೆಳಿಗ್ಗೆ ಐದೂವರೆಗೆ ಒಲೆಯಲ್ಲಿ ನೀರು ಕಾಯಿಸಿ ನಾಲ್ಕು ಬಕೆಟ್ ಮಹಡಿಗೆ ಹೊತ್ತು ತಂದ. ಹೊರಡುವಾಗ ಕಾರಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸಾರ್, ಐದು ಸ್ಟಾರ್ ಒತ್ತಿಬಿಡಿ ಸಾರ್. ಕಮ್ಮಿ ಬಂದ್ರೆ ನಮ್ ಓನರ್ ನನ್ ಮೇಲೆ ಹಾಕ್ತಾರೆ.”

ಒತ್ತಿದೆ. ಐದೂ ಒತ್ತಿದೆ.

ದಾರಿಯಲ್ಲಿ ನನ್ನ ಹೆಂಡತಿ ಕೇಳಿದಳು: “ಆ ಹುಡುಗನಿಗೆ ಕೊಟ್ರಿ ಸರಿ. ನಾಳೆ ನಿಮ್ಮ ಐದು ಸ್ಟಾರ್ ನಂಬ್ಕೊಂಡು ಯಾರೋ ವಯಸ್ಸಾದವರನ್ನ ಕರ್ಕೊಂಡು ಬರ್ತಾರಲ್ಲ, ಅವರಿಗೇನು ಹೇಳ್ತೀರಿ?”

ಉತ್ತರ ಇರಲಿಲ್ಲ. ಇತಿಹಾಸ ನಮಗೆ ಹೇಳೋದು ಇಷ್ಟೇ. ಟವಲ್ ತೆಗೆದರೆ ಗುಟ್ಟು ಮುಗಿಯಲ್ಲ, ಜಾಗ ಬದಲಿಸುತ್ತೆ. ಮೊದಲು ಬೆಲೆಯಲ್ಲಿತ್ತು, ಆಮೇಲೆ ಹೆಸರಿನಲ್ಲಿತ್ತು, ಈಗ ನಮ್ಮ ನಿಮ್ಮ ಬೆರಳಿನಲ್ಲೇ ಇದೆ. ಆ ಹುಡುಗನಿಗೆ ಕೈಯಲ್ಲಿ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು, ಅವನ ದುಡಿಮೆಯನ್ನು ಹೊಗಳಿ ಎರಡು ಸಾಲು ಬರೆದು, ಗೀಸರ್ ಕೆಟ್ಟಿದೆ ಅಂತಲೂ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಅಷ್ಟು ಬರೆಯೋಕೆ ನನಗೆ ಎರಡು ನಿಮಿಷ ಸಿಗಲಿಲ್ಲ.

ಮುಂದಿನ ಸಲ ಸ್ಟಾರ್ ಒತ್ತುವ ಮೊದಲು ನೀವಾದರೂ ಆ ಎರಡು ನಿಮಿಷ ತೆಗೆದುಕೊಳ್ಳಿ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದವನು ಹಿಂದೆ ಬರುವವನಿಗೆ ಸುಳ್ಳು ಹೇಳಬಾರದು ಅಲ್ವಾ?