ಪ್ರೇಷಿತನೂ ಪ್ರೋಷಿತನೂ: ಹೊರನಾಡಿನ ಫಿನ್ನಿಷ್ ಕೆಲಸಗಾರರ ಸಾಮಾಜಿಕ ರಕ್ಷಣೆಯ ಇತಿಹಾಸ

ಪ್ರೇಷಿತ, ಪ್ರೋಷಿತ ಎಂಬ ಎರಡು ಸಂಸ್ಕೃತ ಶಬ್ದಗಳಿಗಿರುವ ಭೇದವು ಕಿವಿಗೆ ಒಂದೇ ಒಂದು ಸ್ವರದ್ದು. ಮೊದಲನೆಯದಕ್ಕೆ ಮತ್ತೊಬ್ಬರಿಂದ ಕಳುಹಿಸಲ್ಪಟ್ಟವನೆಂದೂ, ಎರಡನೆಯದಕ್ಕೆ ಮನೆಯನ್ನು ಬಿಟ್ಟು ಹೊರನಾಡಿನಲ್ಲಿ ವಾಸಮಾಡುವವನೆಂದೂ ಅರ್ಥ. ಪ್ರೋಷಿತಭರ್ತೃಕೆಯೆಂಬ ನಾಯಿಕಾಭೇದವನ್ನು ಬಲ್ಲವರಿಗೆ ಎರಡನೆಯದು ಪರಿಚಿತವೇ ಆಗಿದೆ. ಹೊರಗೆ ಹೋದವನು ಎಂದು ಹಿಂದಿರುಗುವನೆಂದು ಕಾವ್ಯವು ಕೇಳಿದರೆ, ಅವನನ್ನು ಯಾರು ಕಳುಹಿಸಿದರು, ಎಷ್ಟು ದಿನಗಳಿಗೆ ಕಳುಹಿಸಿದರು ಎಂದು ರಾಜಶಾಸನವು ಕೇಳುತ್ತದೆ. ಯೂರೋಪಿನ ಉತ್ತರಸೀಮೆಯಲ್ಲಿರುವ ಫಿನ್ಲೆಂಡ್ ದೇಶದ ಕಾಯಿದೆಗಳಲ್ಲಿ ಈ ಎರಡನೆಯ ಪ್ರಶ್ನೆಗೆ ದೊರೆತ ಉತ್ತರಗಳ ಮೇಲೆ ಅಸಂಖ್ಯಾತ ಕುಟುಂಬಗಳ ವಾರ್ಧಕ್ಯದ ಅನ್ನವು ನಿಂತಿದೆ. ಆ ಉತ್ತರಗಳು ಒಮ್ಮೆಲೇ ಹುಟ್ಟಿದುವಲ್ಲ. ಒಂದರ ಮೇಲೊಂದು ಪದರಗಳಾಗಿ ಕೂಡಿಕೊಂಡುವು.

1809ರಿಂದ ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದು 1917ರ ಡಿಸೆಂಬರಿನಲ್ಲಿ ಸ್ವತಂತ್ರವಾದ ಈ ನಾಡಿನಲ್ಲಿ, ಕೆಲಸಗಾರನ ರಕ್ಷಣೆಯು ಕಾರ್ಖಾನೆಯ ಬಾಗಿಲಿನಿಂದ ಪ್ರಾರಂಭವಾಯಿತು. ಅಪಾಯಕರವಾದ ಉದ್ಯೋಗಗಳಲ್ಲಿ ಗಾಯಗೊಂಡವನಿಗೆ ಯಜಮಾನನೇ ಹೊಣೆಯೆಂದು 1895ರ ಶಾಸನವು ವಿಧಿಸಿತು. ಅಲ್ಲಿ ರಕ್ಷಣೆಗೆ ಆಧಾರವಾದುದು ಕೆಲಸದ ಸಂಬಂಧವೇ ಹೊರತು ನೆಲವಲ್ಲ. 1937ರ ರಾಷ್ಟ್ರೀಯ ವಿಶ್ರಾಂತಿವೇತನ ಶಾಸನವು ಕೆಲಾ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಸಂಸ್ಥೆಯನ್ನು ಸ್ಥಾಪಿಸಿತು. ಪ್ರತಿಯೊಬ್ಬನ ವಂತಿಗೆಯೂ ಅವನವನ ಲೆಕ್ಕದಲ್ಲಿ ಕೂಡುತ್ತಿತ್ತು. 1956ರಲ್ಲಿ ಈ ಪದ್ಧತಿಯನ್ನು ಕಿತ್ತುಹಾಕಿ, 65 ವರ್ಷ ತುಂಬಿದ ನಿವಾಸಿಗಳೆಲ್ಲರಿಗೂ ಸಮಾನವಾದ ಮೂಲವೇತನವು ಸಲ್ಲಬೇಕೆಂದು ಮಾಡಿದರು. ಹೀಗೆ ನಿವಾಸವೇ ಹಕ್ಕಿನ ಮೂಲವಾಯಿತು. ಆದರೆ ಐದು ವರ್ಷಗಳೊಳಗೆ, 1961ರಲ್ಲಿ, ಖಾಸಗಿ ಉದ್ಯೋಗಿಗಳಿಗೆ ಸಂಬಳದ ಪ್ರಮಾಣಕ್ಕೆ ತಕ್ಕ ವಿಶ್ರಾಂತಿವೇತನವನ್ನು ಕೊಡುವ ಮತ್ತೊಂದು ಶಾಸನವು ಹುಟ್ಟಿ, 1962ರ ಜುಲೈಯಿಂದ ನಡೆಗೆ ಬಂದಿತು. ಇದರ ಮೂಲವು ಪುನಃ ಕೆಲಸ. 1993ರವರೆಗೆ ಇದರ ವಂತಿಗೆಯನ್ನು ಯಜಮಾನನೊಬ್ಬನೇ ತೆರುತ್ತಿದ್ದನು.

ಒಂದೇ ನಾಡಿನಲ್ಲಿ ಈ ಪರಿಯಾಗಿ ಎರಡು ಸ್ತಂಭಗಳು ನಿಂತುವು. ಕೆಲಸಗಾರನು ಊರಿನಲ್ಲಿದ್ದು ದುಡಿಯುವವರೆಗೆ ಇವೆರಡಕ್ಕೂ ವಿರೋಧವಿಲ್ಲ. ಅವನು ಗಡಿಯನ್ನು ದಾಟಿದೊಡನೆ ನಿವಾಸದ ಸ್ತಂಭವು ಅಲುಗುತ್ತದೆ. ಕೆಲಸದ ಸ್ತಂಭವು ಯಜಮಾನನು ಯಾವ ದೇಶದವನೆಂಬುದನ್ನು ಅವಲಂಬಿಸಿ ನಿಲ್ಲುತ್ತದೆ ಇಲ್ಲವೆ ಬೀಳುತ್ತದೆ. ಫಿನ್ನಿಷ್ ಭಾಷೆಯಲ್ಲಿ ವಿಶ್ರಾಂತಿವೇತನಕ್ಕೆ ‘ಎಲಾಕೆ’ ಎಂದು ಹೆಸರು. ಇದು ಬದುಕುವುದೆಂಬರ್ಥದ ಧಾತುವಿನಿಂದ ಬಂದುದು. ಕನ್ನಡದ ಶಾಸನಗಳಲ್ಲಿ ‘ಜೀವಿತ’ವೆಂಬ ಶಬ್ದವು ಸೇವಕನ ಪೋಷಣೆಗೆ ಬಿಟ್ಟ ಭೂಮಿಗೆ ಸಲ್ಲುವುದನ್ನು ಬಲ್ಲವರಿಗೆ ಈ ವ್ಯುತ್ಪತ್ತಿಯು ಸ್ವಾರಸ್ಯವಾಗಿ ತೋರಬಹುದು. ಆದರೆ ಜೀವಿತದ ಭೂಮಿಯು ಇದ್ದಲ್ಲಿಯೇ ಇರುತ್ತದೆ. ಎಲಾಕೆಯನ್ನು ಸಮುದ್ರದಾಚೆಗೆ ಒಯ್ಯಬೇಕಾಗುತ್ತದೆ.

ಹೊರಗೆ ದುಡಿಯುವವರ ವಿಷಯದಲ್ಲಿ ನಾವಿಕರೇ ಮೊದಲಿಗರಾದುದು ಆಶ್ಚರ್ಯವಲ್ಲ. 1956ರ ನಾವಿಕರ ವಿಶ್ರಾಂತಿವೇತನ ಶಾಸನವು ಉಳಿದ ಖಾಸಗಿ ಕೆಲಸಗಾರರ ಶಾಸನಕ್ಕಿಂತ ಐದು ವರ್ಷ ಹಿಂದಿನದು. ಹಡಗು ಯಾವ ಸಮುದ್ರದಲ್ಲಿದ್ದರೂ ಅದರ ಮೇಲಿನ ಧ್ವಜವು ಯಾವ ನಾಡಿನದೋ ಆ ನಾಡಿನ ವಿಧಿಯೇ ಹಡಗಿನಲ್ಲಿ ನಡೆಯುವುದರಿಂದ, ನಾವಿಕನಿಗೆ ತಾನು ಹೊರಗಿರುವೆನೋ ಒಳಗಿರುವೆನೋ ಎಂಬ ಸಂಶಯವು ಬರಲಿಲ್ಲ. ನೆಲದ ಮೇಲೆ ದುಡಿಯುವವನಿಗೆ ಇಂತಹ ಧ್ವಜವಿಲ್ಲ.

ಸ್ವೀಡನ್ನಿಗೆ ಹೋದವರ ಕಥೆ ಬೇರೆ. 1954ರಲ್ಲಿ ಉತ್ತರದ ರಾಜ್ಯಗಳು ತಮ್ಮ ಪ್ರಜೆಗಳು ಪರಸ್ಪರರ ನಾಡುಗಳಲ್ಲಿ ಅಪ್ಪಣೆಯಿಲ್ಲದೆ ದುಡಿಯಬಹುದೆಂದು ಒಪ್ಪಿ, 1955ರಲ್ಲಿ ಸಾಮಾಜಿಕ ಭದ್ರತೆಯ ಒಡಂಬಡಿಕೆಯನ್ನು ಮಾಡಿಕೊಂಡುವು. 1969, 1970 ಈ ಎರಡೇ ವರ್ಷಗಳಲ್ಲಿ ಸುಮಾರು 80,000 ಮಂದಿ ಫಿನ್ನರು ಸ್ವೀಡನ್ನಿಗೆ ವಲಸೆಹೋದರು. ಫಿನ್ಲೆಂಡಿನ ಜನಸಂಖ್ಯೆಯೇ ಆಗ ಇಳಿಯಿತು. ಇವರು ಪ್ರೋಷಿತರು. ಯೋಟೆಬೊರ್ಗ್, ವೆಸ್ಟೆರೋಸ್ ಮೊದಲಾದ ಪಟ್ಟಣಗಳ ಕಾರ್ಖಾನೆಗಳಲ್ಲಿ ಸ್ವೀಡಿಷ್ ಯಜಮಾನರ ಕೈಕೆಳಗೆ ದುಡಿದು ಸ್ವೀಡನ್ನಿನ ವಿಮೆಯೊಳಗೆ ಸೇರಿದರು. ಇವರನ್ನು ಯಾರೂ ಕಳುಹಿಸಿರಲಿಲ್ಲ. ಊರಿನ ನಿರುದ್ಯೋಗವೇ ಕಳುಹಿಸಿತೆನ್ನಬಹುದಾದರೂ ಕಾಯಿದೆಯು ಅಂತಹ ಪ್ರೇಷಕನನ್ನು ಅಂಗೀಕರಿಸುವುದಿಲ್ಲ.

ಪ್ರೇಷಿತನ ಶುದ್ಧವಾದ ಉದಾಹರಣೆಯನ್ನು ನೋಡಬೇಕಾದರೆ ಪೂರ್ವದ ಗಡಿಗೆ ಹೋಗಬೇಕು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದೊಳಗಿನ ಸ್ವೆತೊಗೊರ್ಸ್ಕಿನಲ್ಲಿ ಕಾಗದದ ಕಾರ್ಖಾನೆಯ ನಿರ್ಮಾಣವನ್ನೂ, 1977ರಿಂದ 1985ರವರೆಗೆ ಕೊಸ್ತೊಮುಕ್ಷದಲ್ಲಿ ಕಬ್ಬಿಣದ ಅದಿರಿನ ಉದ್ಯಮವನ್ನೂ ಅದರ ಪಟ್ಟಣವನ್ನೂ ಕಟ್ಟುವ ಕೆಲಸವನ್ನೂ ಫಿನ್ನಿಷ್ ಸಂಸ್ಥೆಗಳು ವಹಿಸಿಕೊಂಡುವು. ಸಾವಿರಾರು ಕಟ್ಟಡದ ಕೆಲಸಗಾರರು ಗಡಿಯಾಚೆ ಬಿಡಾರಗಳಲ್ಲಿದ್ದುಕೊಂಡು ದುಡಿದರು. ಅವರ ಸಂಸಾರಗಳು ಫಿನ್ಲೆಂಡಿನಲ್ಲಿಯೇ ಇದ್ದುವು; ಸಂಬಳವೂ ಫಿನ್ನಿಷ್ ಸಂಸ್ಥೆಯದೇ. ಇಂಥವನನ್ನು ದೇಶಬಿಟ್ಟವನೆಂದು ಹೇಳುವುದು ಲೋಕವ್ಯವಹಾರಕ್ಕೆ ವಿರುದ್ಧ. ಅವನ ದೇಹವು ಹೊರಗಿದ್ದರೂ ಅವನ ಸಂಬಂಧಗಳೆಲ್ಲವೂ ಒಳಗಿದ್ದುವು. ಪಾಣಿನೀಯದಲ್ಲಿ ಪ್ರತ್ಯಯವು ಲೋಪವಾದ ಮೇಲೂ ಅದರ ಕಾರ್ಯವು ನಡೆಯುವುದಷ್ಟೆ. ಇಲ್ಲಿಯೂ ಕಣ್ಣಿಗೆ ಕಾಣದವನು ಇರುವನೆಂದೇ ಎಣಿಸಿ ವಿಧಿಯನ್ನು ನಡೆಸಬೇಕಾಗುತ್ತದೆ.

ಈ ಎಣಿಕೆಗೆ ಕಾಯಿದೆಯ ರೂಪವು ಪೂರ್ಣವಾಗಿ ಬಂದುದು 1994ರ ಜನವರಿ 1ರಂದು. ಅಂದು ಫಿನ್ಲೆಂಡ್ ಯೂರೋಪಿನ ಆರ್ಥಿಕ ಪ್ರದೇಶವನ್ನು ಸೇರಿತು. ಅಂದೇ ನಿವಾಸಮೂಲವಾದ ಭದ್ರತೆಯು ಯಾರಿಗೆ ಸಲ್ಲುವುದೆಂಬುದನ್ನು ನಿರ್ಣಯಿಸುವ ಹೊಸ ಶಾಸನವೂ ಜಾರಿಗೆ ಬಂದಿತು. ಒಂದು ವರ್ಷ ಮೀರದ ಪ್ರವಾಸವು ನಿವಾಸವನ್ನು ಕೆಡಿಸುವುದಿಲ್ಲವೆಂಬುದು ಅದರ ಉತ್ಸರ್ಗ. ಫಿನ್ನಿಷ್ ಯಜಮಾನನು ಕಳುಹಿಸಿದವನಿಗೆ ಅದಕ್ಕಿಂತ ದೀರ್ಘಕಾಲವೂ ರಕ್ಷಣೆಯುಂಟೆಂಬುದು ಅಪವಾದ. 2019ರ ಏಪ್ರಿಲ್ 1ರಿಂದ ಬೇರೊಂದು ಶಾಸನವು ಇದರ ಸ್ಥಾನಕ್ಕೆ ಬಂದು, ಉತ್ಸರ್ಗದ ಒಂದು ವರ್ಷವನ್ನು ಆರು ತಿಂಗಳಿಗೆ ಇಳಿಸಿತು. ಉತ್ಸರ್ಗವು ಕಿರಿದಾದಷ್ಟೂ ಅಪವಾದದ ಬೆಲೆ ಹೆಚ್ಚುತ್ತದೆ. ಸ್ವಂತ ಇಚ್ಛೆಯಿಂದ ಹೋದವನು ಆರು ತಿಂಗಳಿಗೆ ಹೊರಗಿನವನಾಗುವಲ್ಲಿ, ಪ್ರೇಷಿತನೂ ಅವನೊಡನೆ ಹೋದ ಹೆಂಡತಿಮಕ್ಕಳೂ ವರ್ಷಗಟ್ಟಲೆ ಒಳಗಿನವರಾಗಿ ಉಳಿಯಬಹುದು.

ಯೂರೋಪಿನ ಒಕ್ಕೂಟದ ವಿಧಿಯೂ ಇದೇ ದಾರಿಯದು. ಕೆಲಸವು ಎಲ್ಲಿ ನಡೆಯುವುದೋ ಅಲ್ಲಿಯ ಕಾಯಿದೆಯೇ ಸಲ್ಲಬೇಕೆಂಬುದು ಅದರ ಮೂಲತತ್ತ್ವ. ಪ್ರೇಷಿತನು ಇದಕ್ಕೆ ಹೊರತು. 1971ರ ನಿಬಂಧನೆಯಲ್ಲಿ ಇವನಿಗೆ 12 ತಿಂಗಳ ಅವಧಿಯಿದ್ದು, ಅನಿರೀಕ್ಷಿತ ಕಾರಣವಿದ್ದರೆ ಮತ್ತೆ 12 ತಿಂಗಳು ಬೆಳೆಸಬಹುದಾಗಿತ್ತು. 2004ರಲ್ಲಿ ರಚಿತವಾಗಿ 2010ರ ಮೇ 1ರಿಂದ ನಡೆಗೆ ಬಂದ ನಿಬಂಧನೆಯು ಅದನ್ನು ಮೊದಲಿಗೇ 24 ತಿಂಗಳೆಂದು ಮಾಡಿತು. ಯಜಮಾನನ ವ್ಯವಹಾರವು ತಾಯ್ನಾಡಿನಲ್ಲಿ ನಿಜವಾಗಿ ನಡೆಯುತ್ತಿರಬೇಕು. ಅವಧಿ ಮುಗಿದ ಒಬ್ಬ ಪ್ರೇಷಿತನ ಸ್ಥಾನಕ್ಕೆ ಮತ್ತೊಬ್ಬನನ್ನು ಕಳುಹಿಸಿ ವಿಧಿಯನ್ನು ವಂಚಿಸಕೂಡದು. ಇವಕ್ಕೆಲ್ಲ ಸಾಕ್ಷಿಯಾಗಿ ಎ-1 ಎಂಬ ಪತ್ರವನ್ನು ಫಿನ್ಲೆಂಡಿನಲ್ಲಿ ಎಲಾಕೆತುರ್ವಾಕೆಸ್ಕುಸ್, ಎಂದರೆ ವಿಶ್ರಾಂತಿವೇತನದ ಕೇಂದ್ರಸಂಸ್ಥೆ, ಕೊಡುತ್ತದೆ. ಈ ಪತ್ರದ ಬಲವೆಷ್ಟೆಂಬುದನ್ನು ಒಕ್ಕೂಟದ ನ್ಯಾಯಾಲಯವು 2000ದಲ್ಲಿ ಐರ್ಲೆಂಡಿನಿಂದ ಹಾಲೆಂಡಿಗೆ ಕಳುಹಿಸಲ್ಪಟ್ಟ ಕೃಷಿಕಾರ್ಮಿಕರ ವ್ಯಾಜ್ಯದಲ್ಲಿ ನಿರ್ಣಯಿಸಿತು: ಕೊಟ್ಟ ನಾಡು ಹಿಂತೆಗೆದುಕೊಳ್ಳುವವರೆಗೆ ಬರಮಾಡಿಕೊಂಡ ನಾಡು ಅದನ್ನು ಮನ್ನಿಸಲೇಬೇಕು. 2018ರಲ್ಲಿ ಮಾತ್ರ, ವಂಚನೆಯಿಂದ ಪಡೆದ ಪತ್ರದ ವಿಷಯದಲ್ಲಿ ಕೊಟ್ಟ ನಾಡು ವಿಚಾರಮಾಡದೆ ಸುಮ್ಮನಿದ್ದರೆ ಆ ಪತ್ರವನ್ನು ಕಡೆಗಣಿಸಬಹುದೆಂದು ಅದೇ ನ್ಯಾಯಾಲಯವು ಹೇಳಿತು.

ಇವೆಲ್ಲಕ್ಕಿಂತ ವಿಚಾರಣೀಯವಾದುದು ‘ವಾಕೂತುಸ್ಪಲ್ಕ’ ಎಂಬ ಕಲ್ಪನೆ. ವಿಮೆಯ ಸಂಬಳವೆಂದು ಇದರ ಅರ್ಥ. ಹೊರನಾಡಿನಲ್ಲಿ ಕೆಲಸಗಾರನ ಕೈಗೆ ಬರುವ ಹಣವು ಆ ನಾಡಿನ ಬೆಲೆಗಳಿಗೂ ಮನೆಬಾಡಿಗೆ ಮುಂತಾದ ಭತ್ಯೆಗಳಿಗೂ ಅನುಸಾರವಾಗಿ ಹೆಚ್ಚುಕಡಮೆಯಾಗುತ್ತದೆ. ಫಿನ್ಲೆಂಡಿನ ಕಾಯಿದೆಯು ಆ ಹಣವನ್ನು ನೋಡುವುದಿಲ್ಲ. ಅದೇ ಕೆಲಸವನ್ನು ಅವನು ಫಿನ್ಲೆಂಡಿನಲ್ಲಿ ಮಾಡಿದ್ದರೆ ಎಷ್ಟು ಸಂಬಳ ಬರುತ್ತಿತ್ತೆಂದು ಊಹಿಸಿ, ಆ ಊಹೆಯ ಮೊತ್ತದ ಮೇಲೆ ವಂತಿಗೆಯನ್ನು ಕಟ್ಟಿಸುತ್ತದೆ. ವಿಶ್ರಾಂತಿವೇತನವೂ ಆ ಮೊತ್ತದಿಂದಲೇ ಬೆಳೆಯುತ್ತದೆ. ಮನುಷ್ಯನನ್ನು ನಾಡಿನಲ್ಲಿರುವನೆಂದು ಭಾವಿಸಿದ ಮೇಲೆ ಸಂಬಳವನ್ನೂ ಹಾಗೆಯೇ ಭಾವಿಸುವುದು ತರ್ಕಕ್ಕೆ ಒಪ್ಪುವ ಮಾತೇ. ತೊಂದರೆಯಿರುವುದು ಬೇರೆ ಕಡೆ. ಈ ಮೊತ್ತವನ್ನು ಹೊರಡುವ ಮುನ್ನ ಯಜಮಾನನು ಗೊತ್ತುಮಾಡುತ್ತಾನೆ. ಕೈಗೆ ಬರುವ ಸಂಬಳದ ಮೇಲೆ ಕಣ್ಣಿಟ್ಟ ತರುಣನು ಕಾಗದದ ಮೇಲಿನ ಈ ಕಲ್ಪಿತ ಸಂಬಳವನ್ನು ಪರೀಕ್ಷಿಸುವುದು ಅಪೂರ್ವ. ಅದನ್ನು ತಗ್ಗಿಸಿ ಬರೆದರೆ ವಂತಿಗೆಯು ಉಳಿಯುತ್ತದೆ. ರೋಗಭತ್ಯೆಯೂ ಮುಪ್ಪಿನ ವೇತನವೂ ಕುಗ್ಗುತ್ತವೆ. ನಷ್ಟವು ಬೆಳಕಿಗೆ ಬರುವುದು ಮೂವತ್ತು ವರ್ಷಗಳ ಮೇಲೆ.

ಒಕ್ಕೂಟದ ಹೊರಗಣ ರಾಜ್ಯಗಳೊಡನೆ ಫಿನ್ಲೆಂಡ್ ಒಂದೊಂದಾಗಿ ಒಡಂಬಡಿಕೆಗಳನ್ನು ಮಾಡಿಕೊಂಡಿತು. ಅಮೆರಿಕದೊಡನೆ ಮಾಡಿದುದು 1992ರಲ್ಲಿಯೂ, ಚೀನ ಕೊರಿಯಗಳೊಡನೆ ಮಾಡಿದುವು 2017ರಲ್ಲಿಯೂ, ಜಪಾನಿನದು 2022ರಲ್ಲಿಯೂ ಜಾರಿಗೆ ಬಂದುವು. ಭಾರತದೊಡನೆ 2012ರಲ್ಲಿ ಸಹಿಯಾದ ಒಡಂಬಡಿಕೆಯು 2014ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಕರ್ಣಾಟಕಕ್ಕೆ ಈ ಇತಿಹಾಸವು ತಾಗುವುದು ಇಲ್ಲಿಯೇ. ಎಸ್ಪೊ ಪಟ್ಟಣದಲ್ಲಿ ಮುಖ್ಯ ಕಚೇರಿಯುಳ್ಳ ನೋಕಿಯಾ ಸಂಸ್ಥೆಗೆ ಬೆಂಗಳೂರಿನಲ್ಲಿ ದೊಡ್ಡ ಸಂಶೋಧನಾಲಯವಿದೆ. ಇಂತಹ ಸಂಸ್ಥೆಗಳ ಮೂಲಕ ಎಂಜಿನಿಯರುಗಳು ಎರಡು ಕಡೆಗೂ ಪ್ರೇಷಿತರಾಗುವ ಸಂಭವವುಂಟು. ಒಡಂಬಡಿಕೆಯ ಪ್ರಕಾರ ಪ್ರೇಷಿತನು ಐದು ವರ್ಷಗಳವರೆಗೆ ತನ್ನ ನಾಡಿನ ವಿಶ್ರಾಂತಿವೇತನದ ವ್ಯವಸ್ಥೆಯಲ್ಲಿಯೇ ಉಳಿಯಬಹುದು. ಇನ್ನೊಂದು ನಾಡಿನಲ್ಲಿ ಎರಡನೆಯ ಸಾರಿ ವಂತಿಗೆ ತೆರಬೇಕಾಗಿಲ್ಲ. ಭಾರತದಿಂದ ಹೊರಡುವವನಿಗೆ ಪ್ರಮಾಣಪತ್ರವನ್ನು ಕೊಡುವುದು ಉದ್ಯೋಗಿಗಳ ಭವಿಷ್ಯನಿಧಿ ಸಂಸ್ಥೆ. ರೋಗಚಿಕಿತ್ಸೆಯ ವೆಚ್ಚವು ಈ ಒಡಂಬಡಿಕೆಯೊಳಗೆ ಸೇರಲಿಲ್ಲವೆಂಬುದನ್ನು ಮರೆಯಬಾರದು.

ಈ ಪತ್ರಕ್ಕೆ ಭಾರತದಲ್ಲಿ ಬೆಲೆ ಬಂದುದಕ್ಕೆ 2008ರ ಅಕ್ಟೋಬರಿನ ತಿದ್ದುಪಡಿಯೇ ಕಾರಣ. ಭಾರತಕ್ಕೆ ಬಂದು ದುಡಿಯುವ ವಿದೇಶೀಯನು ಸಂಬಳದ ಮಿತಿಯಿಲ್ಲದೆ ಪೂರ್ಣ ಸಂಬಳದ ಮೇಲೆ ಭವಿಷ್ಯನಿಧಿಗೆ ವಂತಿಗೆ ಕೊಡಬೇಕೆಂದು ಅದು ವಿಧಿಸಿತು. ಒಡಂಬಡಿಕೆಯ ನಾಡಿನಿಂದ ಪ್ರಮಾಣಪತ್ರದೊಡನೆ ಬಂದವನಿಗೆ ಮಾತ್ರ ವಿನಾಯಿತಿ. ಈ ಭೇದವು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಕರ್ಣಾಟಕದ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್ 25ರಂದು ತೀರ್ಪುಕೊಟ್ಟು ಆ ನಿಯಮವನ್ನು ಅಸಿಂಧುಗೊಳಿಸಿತು. ಒಂದೇ ಮೇಜಿನ ಮುಂದೆ ಕುಳಿತ ಇಬ್ಬರಲ್ಲಿ ಒಬ್ಬನಿಗೊಂದು ವಿಧಿ, ಇನ್ನೊಬ್ಬನಿಗೊಂದು ವಿಧಿ ಏಕೆಂಬ ಪ್ರಶ್ನೆಯು ಫಿನ್ಲೆಂಡಿನ ಕಾಯಿದೆಗೂ ಹೊಸದಲ್ಲ.

‘ಪ್ರೇಷಿತ’ಕ್ಕೆ ಫಿನ್ನಿಷ್ ಶಬ್ದವು ‘ಲಾಹೆತೆತ್ತು’. ರಾಯಭಾರಿಯನ್ನು ಹೇಳುವ ‘ಲಾಹೆತ್ತಿಲಾಸ್’ ಶಬ್ದವೂ ಇದೇ ಧಾತುವಿನದು. ಫ್ರೆಂಚರು ಇವನನ್ನು ‘ಬಿಡಿಸಿದವನು’ ಎಂಬರ್ಥದ ಶಬ್ದದಿಂದ ಕರೆದುದಕ್ಕಿಂತ ಫಿನ್ನರ ಶಬ್ದವು ವಸ್ತುಸ್ಥಿತಿಗೆ ಹತ್ತಿರವಾಗಿದೆ. ಕಾಯಿದೆಯ ಉದ್ದೇಶವು ಅವನನ್ನು ಬಿಡಿಸದಿರುವುದೇ ಅಷ್ಟೆ. ಆದರೆ ಈ ಶಬ್ದಕ್ಕೆ ಸಿಕ್ಕದ ಮತ್ತೊಂದು ವರ್ಗವು ಈಚೆಗೆ ಹುಟ್ಟಿದೆ. ಫಿನ್ಲೆಂಡಿನ ತೊರ್ನಿಯೊ ಪಟ್ಟಣವೂ ಸ್ವೀಡನ್ನಿನ ಹಪರಂದವೂ ಒಂದರ ಮಗ್ಗುಲಲ್ಲೊಂದಿವೆ. ಹಪರಂದದ ಮನೆಯಲ್ಲಿ ಕುಳಿತು ತೊರ್ನಿಯೊದ ಯಜಮಾನನಿಗಾಗಿ ಯಂತ್ರದ ಮೂಲಕ ದುಡಿಯುವವನನ್ನು ಯಾರೂ ಎಲ್ಲಿಗೂ ಕಳುಹಿಸಿಲ್ಲ. ಇಂಥವರಿಗಾಗಿ ಫಿನ್ಲೆಂಡೂ ಸ್ವೀಡನ್ನೂ ಸೇರಿದಂತೆ ಹಲವು ರಾಜ್ಯಗಳು ಒಪ್ಪಿದ ಒಡಂಬಡಿಕೆಯು 2023ರ ಜುಲೈ 1ರಿಂದ ನಡೆಗೆ ಬಂದಿದೆ. ಮನೆಯಲ್ಲಿ ಮಾಡುವ ಕೆಲಸವು ಒಟ್ಟು ಕಾಲದ ಅರ್ಧಕ್ಕಿಂತ ಕಡಮೆಯಿದ್ದರೆ, ಅರ್ಜಿಯ ಮೇಲೆ, ಯಜಮಾನನ ನಾಡಿನ ವಿಮೆಯೇ ಅವನಿಗೆ ಸಲ್ಲುತ್ತದೆ.