ಓಡುವ ಎಂಜಿನ್‌ನಿಂದ ಬ್ಯಾಟರಿ ವೈರ್ ಕಿತ್ತು ನೋಡುವ ರೂಢಿ ಎಲ್ಲಿಯದು?

ಚಾರ್ಜಿಂಗ್ ಆಗುತ್ತಿದೆಯೋ ಇಲ್ಲವೋ ಅಂತ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ವೈರ್ ಕಳಚುವವರನ್ನು ನೀವೂ ಕಂಡಿರಬಹುದು. ಎಂಜಿನ್ ನಿಲ್ಲದಿದ್ದರೆ ಎಲ್ಲ ಸರಿ ಇದೆ ಎಂಬ ಲೆಕ್ಕ. ಇದು ಡೈನಮೋ ಕಾಲದ ಲೆಕ್ಕ.

ಮೊದಲ ಕಾರುಗಳನ್ನು ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಸ್ಟಾರ್ಟರಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಕರೆಂಟ್ ತುಂಬುವ ಯಂತ್ರ ಬೇಕು. ಮುಂದಿನ ಐವತ್ತು ವರ್ಷ ಆ ಕೆಲಸ ಮಾಡಿದ್ದು ಬಹುಪಾಲು ಡೈನಮೋ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಲ್ಲಿ ಅದೇ ಇತ್ತು. ಅದೇ ಕಾರು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆದಾಗ ಡೈನಮೋವೂ ಜೊತೆಗೇ ಬಂತು.

ಸೈಕಲ್ ಡೈನಮೋ ನೆನಪಿದ್ದವರಿಗೆ ಇದರ ಗುಣ ಗೊತ್ತು: ಜೋರಾಗಿ ತುಳಿದರೆ ಬೆಳಕು, ನಿಧಾನವಾದರೆ ಮಂಕು. ಕಾರಿನದ್ದೂ ಹಾಗೇ. ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಹೆಚ್ಚೇನೂ ಹುಟ್ಟುವುದಿಲ್ಲ. ಆಗ ಬ್ಯಾಟರಿಯ ಕರೆಂಟ್ ಡೈನಮೋಗೇ ವಾಪಸ್ ಹರಿಯದಂತೆ ತಡೆಯುವುದು ಕಟೌಟ್. ಅದರ ಪಕ್ಕದಲ್ಲೇ, ಅದೇ ಡಬ್ಬಿಯಲ್ಲಿ, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್. ಹಾಗಾಗಿ ಹಳೆಯ ಕಾರಿನಲ್ಲಿ ನಿಧಾನ ಓಟಕ್ಕೆ ಕೆಂಪು ದೀಪ ಮಿಣುಕಿ, ಆಕ್ಸಿಲರೇಟರ್ ಒತ್ತಿದಾಗ ಆರಿದರೆ ಗಾಬರಿ ಬೇಡ. ಒತ್ತಿದರೂ ಆರದಿದ್ದರೆ ದೋಷ ಹುಡುಕಬೇಕು.

ಹುಡುಕುವುದು ಬೆಲ್ಟಿನಿಂದ. ಸಡಿಲ ಬೆಲ್ಟಿಗೆ ಬಲಿಯಾಗಿ ಗುಜರಿ ಸೇರಿದ ಒಳ್ಳೆಯ ಡೈನಮೋಗಳು ಎಷ್ಟೋ! ಆಮೇಲೆ ಬ್ಯಾಟರಿ ಟರ್ಮಿನಲ್, ಬಾಡಿಗೆ ಕೊಟ್ಟ ಅರ್ಥ್. ಅವೂ ಸರಿಯಿದ್ದರೆ ಲೂಕಾಸ್ ಡೈನಮೋಗೆ ಒಂದು ಹಳೆಯ ಪರೀಕ್ಷೆ ಇದೆ. ಎಂಜಿನ್ ನಿಲ್ಲಿಸಿ ಅದರ ಎರಡೂ ವೈರ್ ಬಿಚ್ಚಿ, ಡಿ ಮತ್ತು ಎಫ್ ಅಂತ ಗುರುತಿರುವ ಎರಡು ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿಯಬೇಕು. ಎಂಜಿನ್ ಶುರು ಮಾಡಿ ವೇಗ ನಿಧಾನಕ್ಕೆ ಏರಿಸಿದಂತೆ ವೋಲ್ಟ್ ಸರ್ರನೆ ಏರಿದರೆ ಡೈನಮೋ ಗಟ್ಟಿ, ದೋಷ ಕಟೌಟ್ ಡಬ್ಬಿಯಲ್ಲೋ ವೈರಿನಲ್ಲೋ ಇದೆ. 20 ವೋಲ್ಟ್ ದಾಟಿಸಬಾರದು, ಇಲ್ಲಿ ಹಿಡಿದಿಡಲು ರೆಗ್ಯುಲೇಟರ್ ಇಲ್ಲ. ಏರದಿದ್ದರೆ ಡೈನಮೋ ಬಿಚ್ಚಿ ನೋಡಿ: ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲ್ಲವೇ ಅದು ಉಜ್ಜುವ ತಾಮ್ರದ ಕಮ್ಯುಟೇಟರ್ ಮಸಿ ಹಿಡಿದಿರುತ್ತದೆ. ಕಣ್ಣಿಗೆ ಕಾಣುವ, ಕೈಯಲ್ಲಿ ಸರಿಪಡಿಸುವ ರೋಗಗಳು. ಅಂದಿನ ಮೆಕ್ಯಾನಿಕ್‌ಗಳ ಧೈರ್ಯಕ್ಕೆ ಇದೇ ಕಾರಣ ಇರಬೇಕು.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಇದು ನಿಧಾನ ಓಟದಲ್ಲೂ ಚಾರ್ಜ್ ಕೊಡುತ್ತದೆ. ಕಟೌಟ್ ಕೆಲಸವನ್ನು ಒಳಗಿನ ಸಿಲಿಕಾನ್ ಡಯೋಡ್‌ಗಳೇ ಮಾಡುತ್ತವೆ. ಆದರೆ ಡಯೋಡ್ ನಾಜೂಕು. ಓಡುವ ಎಂಜಿನ್‌ನಿಂದ ಬ್ಯಾಟರಿ ಕಳಚಿದರೆ ವೋಲ್ಟೇಜ್ ತಟ್ಟನೆ ಜಿಗಿದು ಡಯೋಡ್, ರೆಗ್ಯುಲೇಟರ್ ಸುಡಬಹುದು. ಇಂದಿನ ಗಾಡಿಯಾದರೆ ಎಂಜಿನ್ನಿನ ಕಂಪ್ಯೂಟರೂ ಹೋಗಬಹುದು. ಡೈನಮೋ ಕೂಡ ಈ ಪರೀಕ್ಷೆಯನ್ನು ಸಹಿಸಿಕೊಂಡಿತ್ತು ಅಷ್ಟೆ, ಅದು ಸರಿಯಾದ ಪರೀಕ್ಷೆ ಆಗಿರಲಿಲ್ಲ.

ಈಗ ಆಲ್ಟರ್ನೇಟರ್ ಇರುವ ಟ್ರ್ಯಾಕ್ಟರಿಗಾಗಲಿ ಜೀಪಿಗಾಗಲಿ ಅಗ್ಗದ ಮೀಟರ್ ಸಾಕು. ಎಂಜಿನ್ ಓಡುವಾಗ 12 ವೋಲ್ಟ್ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಸುಮಾರು 14 ತೋರಿಸಬೇಕು. ವೈರ್ ಕಳಚುವ ಅಗತ್ಯವೇ ಇಲ್ಲ.